ಹಿಂಡಿನಿಂದ ಹೊರಗೆ ನಿಂತ ಪದ: ಇಗ್ರೀಜಸ್

ಪದಪಾಠಕ್ಕೆ ಅಂತ ಕೂತಾಗ ಸಾಮಾನ್ಯವಾಗಿ ನಾವು ಒಂದು ಕನ್ನಡ ಪದವನ್ನೇ ಎತ್ತಿಕೊಳ್ಳುತ್ತೇವೆ. ಈ ಸಲ ಇಂಗ್ಲಿಷಿನದು. ಕಾರಣ ಇಷ್ಟೇ: ಈ ಪದವನ್ನು ನಮ್ಮ ಸಂಘದೊಳಗೇ ತಪ್ಪಾಗಿ ಬಳಸಿ, ಒಬ್ಬರ ಮನಸ್ಸು ನೋಯಿಸಿ, ಆಮೇಲೆ ಡಿಕ್ಷನರಿ ತೆಗೆದವರು ನಾವೇ.

ನಡೆದದ್ದು ಹೀಗೆ. ಪತ್ರಿಕೆಗೆ ಹೊಸದಾಗಿ ಸೇರಿದ ಫಸ್ಟ್ ಇಯರ್ ಹುಡುಗಿಯೊಬ್ಬಳು ತನ್ನ ಮೊದಲ ಲೇಖನ ಕಳಿಸಿದ್ದಳು. ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ. ಪುಟಕ್ಕೆ ಪೇಸ್ಟ್ ಮಾಡಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ಡಿಗ್ರಿ ಚಿಹ್ನೆ ಎಲ್ಲಾ ಕಲಸಿದ ಚಿತ್ರಾನ್ನ. ಆಗಲೇ ರಾತ್ರಿ ಒಂದು ಗಂಟೆ, ಬೆಳಿಗ್ಗೆ ಸಂಚಿಕೆ ಹೊರಬರಬೇಕು. ನಮ್ಮಲ್ಲೊಬ್ಬರು ಶೇರ್ಡ್ ಶೀಟಿನಲ್ಲಿ ಅವಳ ಹೆಸರಿನ ಮುಂದೆ ರಿಮಾರ್ಕ್ ಹಾಕಿದರು: 'ಇಗ್ರೀಜಸ್ ಎರರ್. ರೀಡೂ.' ಉಳಿದವರೆಲ್ಲ ಅದರ ಕೆಳಗೆ ಹೆಬ್ಬೆಟ್ಟಿನ ಇಮೋಜಿ ಒತ್ತಿದೆವು. ಅರ್ಥ ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತುವುದು ನಮ್ಮ ನಾಡಿನಲ್ಲಿ ಹೊಸದೇನಲ್ಲ.

ಅವಳು ಮೂರು ವಾರ ಮೀಟಿಂಗಿಗೆ ಬರಲಿಲ್ಲ. ಕೊನೆಗೆ ಲೈಬ್ರರಿ ಮೆಟ್ಟಿಲ ಹತ್ತಿರ ಸಿಕ್ಕಾಗ ಕೇಳಿದ್ದು ಒಂದೇ ಮಾತು. "ಅಕ್ಕ, ನಾನು ಮಾಡಿದ್ದು ಅಷ್ಟೊಂದು ಕೆಟ್ಟ ಕೆಲಸಾನಾ? ಡಿಕ್ಷನರಿ ನೋಡ್ದೆ. ಗಾಬರಿಯಾಗುವಷ್ಟು ಕೆಟ್ಟದ್ದು ಅಂತ ಇತ್ತು."

ರಿಮಾರ್ಕ್ ಬರೆದವರಿಗೆ ಹೇಳಬೇಕಾಗಿದ್ದದ್ದು 'ಫೈಲು ಸರಿ ಇಲ್ಲ, ಇನ್ನೊಮ್ಮೆ ಕಳಿಸು' ಅಂತ ಮಾತ್ರ. ಯಾವುದೋ ಕೋಡ್ ರಿವ್ಯೂ ವಿಡಿಯೋದಲ್ಲಿ ಕೇಳಿದ ಪದ, ಗತ್ತಾಗಿದೆ ಅಂತ ಹಾಕಿಬಿಟ್ಟರು. ಹಾಗಾಗಿ ಈ ಪಾಠ ಮೊದಲು ನಮಗೆ, ಆಮೇಲೆ ನಿಮಗೆ.

ಉಚ್ಚಾರದಿಂದ ಶುರು ಮಾಡೋಣ, ಅದು ಬೇಗ ಮುಗಿಯುತ್ತದೆ. ಇ, ಜಿ, ಆರ್, ಇ, ಜಿ, ಐ, ಓ, ಯು, ಎಸ್. ಎರಡು 'ಜಿ'ಗಳಿಗೂ ಒಂದೇ ದನಿ ಅಲ್ಲ. ಮೊದಲನೆಯದು 'ಗ', ಎರಡನೆಯದು 'ಜ'. ಒತ್ತು ಬೀಳುವುದು ನಡುವಿನ 'ಗ್ರೀ' ಮೇಲೆ: ಇ-ಗ್ರೀ-ಜಸ್. 'ಇಗ್ರೀಜಿಯಸ್' ಅಂತ ಎಳೆದು ಹೇಳುವವರೂ ಇದ್ದಾರೆ, ಅದೂ ನಡೆಯುತ್ತದೆ. 'ಎಗ್ರೇಗಿಯಸ್' ಅಂತ ಸೆಮಿನಾರಿನಲ್ಲಿ ಓದಬೇಡಿ ಅಷ್ಟೇ.

ಇನ್ನು ಬುಡಕ್ಕೆ ಹೋಗೋಣ, ರುಚಿ ಇರುವುದು ಅಲ್ಲೇ. ಲ್ಯಾಟಿನ್ನಿನಲ್ಲಿ 'ಗ್ರೆಕ್ಸ್' ಅಂದರೆ ಹಿಂಡು, ಮಂದೆ. ಅದರ ಮುಂದೆ 'ಹೊರಗೆ' ಅನ್ನುವ ಅರ್ಥದ 'ಎ' ಸೇರಿ 'ಎಗ್ರೇಜಿಯಸ್' ಆಯಿತು: ಹಿಂಡಿನಿಂದ ಹೊರಗೆ ನಿಂತದ್ದು. ಕುರಿಮಂದೆಯಲ್ಲಿ ನೂರು ಕುರಿ ಒಂದೇ ಥರ, ಒಂದು ಮಾತ್ರ ದೂರದಿಂದಲೇ ಬೇರೆಯಾಗಿ ಕಾಣುತ್ತದೆ ಅಂದುಕೊಳ್ಳಿ. ಆ ಕುರಿಯೇ ಈ ಪದ.

ಈ ಹಿಂಡಿನ ನೆಂಟರು ನಮ್ಮ ಕ್ಯಾಂಪಸ್ಸಿನ ತುಂಬ ಇದ್ದಾರೆ. ಪ್ಲೇಸ್‌ಮೆಂಟ್ ಫಾರ್ಮಿನಲ್ಲಿ ಕೇಳುವ 'ಅಗ್ರಿಗೇಟ್' ಅಂದರೆ ಎಲ್ಲಾ ಸೆಮಿಸ್ಟರಿನ ಅಂಕಗಳನ್ನು ಒಂದೇ ಹಿಂಡಿಗೆ ಸೇರಿಸಿದ್ದು. ಸಿವಿಲ್‌ನವರಿಗೆ ಅದೇ ಅಗ್ರಿಗೇಟ್ ಅಂದರೆ ಜಲ್ಲಿ, ಮರಳು. ಕಂಪ್ಯೂಟರ್ ಸೈನ್ಸಿನವರಿಗೆ ಡೇಟಾಬೇಸಿನ ಸಮ್, ಕೌಂಟ್, ಆವರೇಜ್ ಮುಂತಾದ ಫಂಕ್ಷನ್ನುಗಳು. ಕಾಂಕ್ರೀಟನ್ನು ತೀರಾ ಎತ್ತರದಿಂದ ಸುರಿದರೆ, ಇಲ್ಲವೇ ವೈಬ್ರೇಟರ್ ಅತಿಯಾಗಿ ಹಿಡಿದರೆ ಜಲ್ಲಿ ಒಂದು ಕಡೆ, ಸಿಮೆಂಟಿನ ಹಾಲು ಒಂದು ಕಡೆ ಆಗುತ್ತದಲ್ಲ, ಅದು 'ಸೆಗ್ರಿಗೇಶನ್': ಹಿಂಡು ಬೇರೆ ಬೇರೆಯಾದದ್ದು. ಹಾಸ್ಟೆಲ್ಲಿನ ಹಸಿ ಕಸ, ಒಣ ಕಸದ ಬುಟ್ಟಿಗೂ ಅದೇ ಪದ. ಸದಾ ಹತ್ತು ಜನರ ನಡುವೆಯೇ ಇರುವ ಗೆಳೆಯ 'ಗ್ರಿಗೇರಿಯಸ್'. ಒಂದೇ ಬೇರಿನ ಇಷ್ಟು ಪದಗಳಲ್ಲಿ ಬೈಗುಳ ಆದದ್ದು ನಮ್ಮ ಇಗ್ರೀಜಸ್ ಒಂದೇ. ಕುಟುಂಬದಲ್ಲೂ ಹಿಂಡಿನಿಂದ ಹೊರಗೇ ನಿಂತಿದೆ ನೋಡಿ.

ಆದರೆ ಅದು ಹುಟ್ಟಿನಿಂದ ಬೈಗುಳ ಅಲ್ಲ. ಹಿಂಡಿನಿಂದ ಎದ್ದು ಕಾಣುವುದು ಒಳ್ಳೆಯ ಕಾರಣಕ್ಕೂ ಆಗಬಹುದು. ಲ್ಯಾಟಿನ್ನಿನಲ್ಲಿ ಇದು ಹೊಗಳಿಕೆ: ಶ್ರೇಷ್ಠ, ಗಣ್ಯ, ಅಸಾಧಾರಣ. ಇದಕ್ಕೆ ಸಾಕ್ಷಿ ಗಣಿತದ ಪುಸ್ತಕದಲ್ಲೇ ಇದೆ. 1827ರಲ್ಲಿ ಗೌಸ್ ತನ್ನ ಒಂದು ಪ್ರಮೇಯಕ್ಕೆ ತಾನೇ 'ಥಿಯೊರೆಮಾ ಎಗ್ರೇಜಿಯಮ್' ಅಂತ ಹೆಸರಿಟ್ಟ. ಇಂದಿನ ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ 'ದರಿದ್ರ ಪ್ರಮೇಯ' ಅಂದಹಾಗೆ ಕೇಳಿಸೀತು. ಗೌಸ್ ಹೇಳಿದ್ದು 'ಅಪೂರ್ವ ಪ್ರಮೇಯ' ಅಂತ. ಅಪೂರ್ವವೇ ಹೌದು. ಒಂದು ಮೇಲ್ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ, ಹರಿಯದೆ ಎಷ್ಟು ಬಗ್ಗಿಸಿದರೂ ಅದರ ಗೌಸಿಯನ್ ವಕ್ರತೆ ಬದಲಾಗುವುದಿಲ್ಲ ಅನ್ನುವುದು ಅದರ ಸಾರ. ಕಿತ್ತಳೆ ಸಿಪ್ಪೆಯನ್ನು ಹರಿಯದೆ ಮೇಜಿನ ಮೇಲೆ ಚಪ್ಪಟೆ ಹಾಸಲಾಗದ್ದು ಇದರಿಂದಲೇ. ಎಷ್ಟೇ ಜಾಣತನದಿಂದ ಬರೆದರೂ ಭೂಪಟದಲ್ಲಿ ಎಲ್ಲೋ ಒಂದು ಕಡೆ ಅಳತೆ ಸೊಟ್ಟಗಾಗುವುದೂ ಇದರಿಂದಲೇ. ತಗಡಿಗೆ ಒಂದು ದಿಕ್ಕಿನಲ್ಲಿ ಅಲೆ ಕೊಟ್ಟರೆ ಇನ್ನೊಂದು ದಿಕ್ಕಿನಲ್ಲಿ ಅದು ಸುಲಭಕ್ಕೆ ಬಗ್ಗುವುದಿಲ್ಲ. ಸೈಕಲ್ ಸ್ಟ್ಯಾಂಡಿನ ಮೇಲಿನ ಶೀಟು ನೋಡಿ.

ಇಟಲಿಯಲ್ಲಿ ಇವತ್ತಿಗೂ ಔಪಚಾರಿಕ ಪತ್ರ ಶುರುವಾಗುವುದು 'ಎಗ್ರೇಜಿಯೊ ಸಿನ್ಯೋರೆ' ಅಂತ. ನಮ್ಮ 'ಮಾನ್ಯರೇ' ಇದ್ದಹಾಗೆ. ಅಲ್ಲಿಗೆ ಮಾಸ್ಟರ್ಸ್ ಮಾಡಲು ಹೋಗುವ ಸೀನಿಯರುಗಳು ಅಂಥ ಪತ್ರ ಬಂದರೆ ಗಾಬರಿ ಆಗಬೇಕಾಗಿಲ್ಲ.

ಇಂಗ್ಲಿಷಿಗೆ ಬಂದದ್ದು ಹದಿನಾರನೇ ಶತಮಾನದಲ್ಲಿ, ಮೊದಲು ಹೊಗಳಿಕೆಯಾಗಿಯೇ. ಕ್ರಿಸ್ಟೋಫರ್ ಮಾರ್ಲೋ 1590ರಲ್ಲಿ ಅಚ್ಚಾದ 'ಟ್ಯಾಂಬರ್ಲೇನ್' ನಾಟಕದ ಎರಡನೇ ಭಾಗದಲ್ಲಿ ರಾಜಪ್ರತಿನಿಧಿಗಳನ್ನು ಗೌರವದಿಂದ ಸಂಬೋಧಿಸಲು ಇದನ್ನು ಬಳಸಿದ್ದಾನೆ. ಸುಮಾರು ಇಪ್ಪತ್ತು ವರ್ಷದ ನಂತರ ಶೇಕ್ಸ್‌ಪಿಯರ್ ತನ್ನ 'ಸಿಂಬಲೈನ್' ನಾಟಕದಲ್ಲಿ ಇದೇ ಪದವನ್ನು ಕೊಲೆಗಾರನಿಗೆ ಅಂಟಿಸುತ್ತಾನೆ. ಇಬ್ಬರೂ 1564ರಲ್ಲೇ ಹುಟ್ಟಿದವರು. ಒಂದೇ ಕಾಲದಲ್ಲಿ ಪದಕ್ಕೆ ಎರಡು ಮುಖ ಇತ್ತು ಅಂತಾಯಿತು. ಆಮೇಲಾಮೇಲೆ ಒಳ್ಳೆಯ ಮುಖ ಮಾಸಿ ಕೆಟ್ಟದ್ದೇ ಉಳಿಯಿತು.

ಹೊಗಳಿಕೆ ಬೈಗುಳ ಆದದ್ದು ಹೇಗೆ? ಪದದ ಚರಿತ್ರೆ ಬರೆದವರು ಹೇಳುವುದು, ಬಹುಶಃ ವ್ಯಂಗ್ಯದಿಂದ. ಇದನ್ನು ಕನ್ನಡದವರಿಗೆ ವಿವರಿಸುವ ಅಗತ್ಯವೇ ಇಲ್ಲ. ನಾವು ದಿನಾ ಮಾಡುವುದೇ ಇದು. 'ಘನಂದಾರಿ' ಅನ್ನುವ ಪದ ತಗೊಳ್ಳಿ. ಅದರೊಳಗೆ ಇರುವುದು ಘನತೆ. ಆದರೆ ಮನೆಯಲ್ಲಿ "ಏನೋ ಘನಂದಾರಿ ಕೆಲಸ ಮಾಡಿಬಿಟ್ಟೆ" ಅಂತ ಅಪ್ಪ ಅಂದರೆ ಯಾರೂ ಹಿಗ್ಗುವುದಿಲ್ಲ, ಮೆಲ್ಲಗೆ ರೂಮಿಗೆ ಜಾರಿಕೊಳ್ಳುತ್ತೇವೆ. ಲ್ಯಾಬಿನಲ್ಲಿ "ಯಾವ ಪುಣ್ಯಾತ್ಮ ಈ ವೈರ್ ಕಿತ್ತಿದ್ದು?" ಅಂದಾಗ ಪುಣ್ಯದ ಲೆಕ್ಕ ಯಾರೂ ಹಾಕುವುದಿಲ್ಲ. "ಯಾವ ಭೂಪ ಬರೆದ ಕೋಡಪ್ಪಾ ಇದು" ಅನ್ನುವಾಗ ರಾಜನ ಕಿರೀಟ ಎಲ್ಲೋ ಬಿದ್ದುಹೋಗಿರುತ್ತದೆ. ಇಗ್ರೀಜಸ್ ನಡೆದುಬಂದದ್ದೂ ಇದೇ ದಾರಿ: 'ಓಹೋ, ಎಂಥಾ ಗಣ್ಯ ತಪ್ಪು!' ಅಂತ ಅಂದು ಅಂದು, ಕೊನೆಗೆ ಗಣ್ಯತೆ ಹೋಗಿ ತಪ್ಪು ಮಾತ್ರ ಉಳಿಯಿತು.

ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ಘನಂದಾರಿಯಲ್ಲಿ ಬೈಗುಳ ಇರುವುದು ದನಿಯಲ್ಲಿ. ಹೇಳುವವರ ಹುಬ್ಬು, ಎಳೆತ, ಸಂದರ್ಭ ತೆಗೆದರೆ ಪದ ಮತ್ತೆ ಸಾಧು ಆಗಿಬಿಡಬಹುದು. ಇಗ್ರೀಜಸ್ ಹಾಗಲ್ಲ. ಅದರ ವ್ಯಂಗ್ಯ ಆರಿ ಗಟ್ಟಿಯಾಗಿ ನಾನೂರು ವರ್ಷ ದಾಟಿದೆ. ಇವತ್ತು ಅದರಲ್ಲಿ ತಮಾಷೆ ಇಲ್ಲ, ನಗು ಇಲ್ಲ. ನಗುತ್ತಾ ಬರೆದರೂ ಓದುವವರಿಗೆ ನಗು ಕಾಣುವುದಿಲ್ಲ. ನಮ್ಮ ಶೀಟಿನಲ್ಲಿ ಆದದ್ದು ಅದೇ. ಇನ್ನೊಂದು: ಘನಂದಾರಿ ಮಾಡಿದ ಕೆಲಸವನ್ನು ಚಿಕ್ಕದು ಮಾಡುತ್ತದೆ. ಇಗ್ರೀಜಸ್ ತಪ್ಪನ್ನು ದೊಡ್ಡದು ಮಾಡುತ್ತದೆ.

ಹಾಗಾದರೆ ಇದು 'ವೆರಿ ಬ್ಯಾಡ್' ಅನ್ನುವುದರ ಗತ್ತಿನ ರೂಪ ಮಾತ್ರವಾ? ಅಲ್ಲ. ಹಿಂಡು ಇನ್ನೂ ಪದದ ಒಳಗೇ ಇದೆ, ಅದನ್ನು ಮರೆತರೆ ಬಳಕೆ ಕೆಡುತ್ತದೆ. ಒಂದು ತಪ್ಪನ್ನು ಇಗ್ರೀಜಸ್ ಅಂದಾಗ ನಾವು ಹೇಳುತ್ತಿರುವುದು: ಈ ಜಾತಿಯ ತಪ್ಪುಗಳು ಹತ್ತಾರು ಇವೆ, ಅವನ್ನೆಲ್ಲ ನಾವು ನೋಡಿದ್ದೇವೆ, ಆ ಎಲ್ಲದರ ನಡುವೆ ಇದು ಕೆಟ್ಟತನದಲ್ಲಿ ಎದ್ದು ಕಾಣುತ್ತದೆ. ಅಂದರೆ ಹಿಂಡು ಗೊತ್ತಿಲ್ಲದವರಿಗೆ ಈ ಪದ ಬಳಸುವ ಹಕ್ಕು ಕಡಿಮೆ. ಜೊತೆಗೆ, ತಪ್ಪು ಮಾಡಿದವರಿಗೆ ಅದು ತಪ್ಪು ಅಂತ ಗೊತ್ತಿರಬೇಕಾಗಿತ್ತು ಅನ್ನುವ ಆರೋಪವೂ ಸಾಮಾನ್ಯವಾಗಿ ಇದರ ಹಿಂದೆ ಇರುತ್ತದೆ.

ಕೋರ್ಟುಗಳು ಇದನ್ನು ಎಷ್ಟು ಜೋಪಾನವಾಗಿ ಬಳಸುತ್ತವೆ ಅಂತ ನೋಡಿದರೆ ಪದದ ತೂಕ ತಿಳಿಯುತ್ತದೆ. ಮುಂದೆ ನಿಮ್ಮಲ್ಲಿ ಕೆಲವರು ಕಾಂಟ್ರಾಕ್ಟ್ ಕೆಲಸಕ್ಕೆ ಹೋಗುತ್ತೀರಿ, ಬ್ಯಾಂಕ್ ಗ್ಯಾರಂಟಿ ಅನ್ನುವ ಕಾಗದ ನೋಡುತ್ತೀರಿ. ಷರತ್ತಿಲ್ಲದ ಗ್ಯಾರಂಟಿಯ ಹಣವನ್ನು ಎದುರು ಪಕ್ಷ ಕೇಳಿದರೆ ಬ್ಯಾಂಕು ಕೊಡಲೇಬೇಕು, ಭಾರತದ ಕೋರ್ಟುಗಳು ಸಾಮಾನ್ಯವಾಗಿ ಅದನ್ನು ತಡೆಯುವುದಿಲ್ಲ. ತಡೆಯಲು ಒಪ್ಪುವ ಒಂದೆರಡು ಕಾರಣಗಳಲ್ಲಿ ಒಂದು ಮೋಸ. ಅದೂ ಸಣ್ಣಪುಟ್ಟ ಮೋಸ ಸಾಲದು, ಇಡೀ ವ್ಯವಹಾರದ ಬುಡವನ್ನೇ ಕೆಡಿಸುವಂಥ 'ಇಗ್ರೀಜಸ್' ಸ್ವರೂಪದ್ದಾಗಿರಬೇಕು ಅಂತ ಸುಪ್ರೀಂ ಕೋರ್ಟಿನ ತೀರ್ಪುಗಳು ಹೇಳುತ್ತಾ ಬಂದಿವೆ. ಒಂದು ವಿಶೇಷಣದ ಮೇಲೆ ಕೋಟಿಗಟ್ಟಲೆ ಹಣ ನಿಂತಿರುತ್ತದೆ. ಅಮೆರಿಕದ ಪೇಟೆಂಟ್ ಕಾನೂನಿನಲ್ಲೂ ಇದೇ ಕಥೆ. ಪೇಟೆಂಟ್ ಉಲ್ಲಂಘಿಸಿದವರಿಗೆ ಪರಿಹಾರದ ಮೊತ್ತವನ್ನು ಮೂರು ಪಟ್ಟಿನವರೆಗೆ ಏರಿಸುವ ಅಧಿಕಾರ ಅಲ್ಲಿನ ಜಡ್ಜುಗಳಿಗಿದೆ. ಆದರೆ ಅದು ಮಾಮೂಲಿ ಉಲ್ಲಂಘನೆಗಲ್ಲ, ಇಗ್ರೀಜಸ್ ನಡವಳಿಕೆಗೆ ಮಾತ್ರ ಅಂತ 2016ರ ಹೇಲೋ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಒಂದು ಕಡೆ ಮಾಮೂಲಿ, ಇನ್ನೊಂದು ಕಡೆ ಇಗ್ರೀಜಸ್. ಮತ್ತೆ ಅದೇ ಹಿಂಡು, ಅದೇ ಹೊರಗೆ ನಿಂತ ಕುರಿ.

ದಿನನಿತ್ಯದ ಬರವಣಿಗೆಯಲ್ಲಿ ಇದು ಸೇರುವುದು ಎರರ್, ಮಿಸ್ಟೇಕ್, ವಯಲೇಶನ್, ಅಬ್ಯೂಸ್, ಎಕ್ಸಾಂಪಲ್ ಇಂಥ ಪದಗಳ ಜೊತೆ. ಮನುಷ್ಯರ ನಡತೆಗೆ, ಕೆಲಸಕ್ಕೆ, ನಿರ್ಧಾರಕ್ಕೆ. ಮೆಸ್ಸಿನ ಸಾಂಬಾರು ಎಷ್ಟೇ ಕೆಟ್ಟದಾಗಿದ್ದರೂ 'ಇಗ್ರೀಜಸ್ ಸಾಂಬಾರು' ಅನ್ನುವುದು ಸರಿಹೋಗದು. ಮಳೆಗೆ, ಸೆಕೆಗೆ, ವಾಸನೆಗೂ ಅಷ್ಟೆ. 'ವೆರಿ ಇಗ್ರೀಜಸ್' ಅಂತ ಬರೆದರೆ ವ್ಯಾಕರಣ ತಪ್ಪಲ್ಲ, ಆದರೆ ಪದದಲ್ಲೇ ಅತಿ ಇರುವಾಗ ಇನ್ನೊಂದು ಅತಿ ಯಾಕೆ? ಹಲವು ಕೆಟ್ಟದ್ದರಲ್ಲಿ ಒಂದನ್ನು ಆರಿಸಿ ತೋರಿಸುವಾಗ 'ಮೋಸ್ಟ್ ಇಗ್ರೀಜಸ್' ಚೆನ್ನಾಗಿ ಕೂರುತ್ತದೆ.

ಪಕ್ಕದ ಮನೆಯವರ ಜೊತೆ ಗೊಂದಲ ಆಗುವುದುಂಟು. 'ಗ್ಲೇರಿಂಗ್' ಅಂದರೆ ಕಣ್ಣಿಗೆ ರಾಚುವಂಥದ್ದು, ಅಷ್ಟೇ. ಪೋಸ್ಟರಿನಲ್ಲಿ ಕಾಲೇಜಿನ ಹೆಸರಿನ ಕಾಗುಣಿತವೇ ತಪ್ಪಿದ್ದರೆ ಅದು ಗ್ಲೇರಿಂಗ್. ಅದರಲ್ಲಿ ನೀತಿಯ ಪ್ರಶ್ನೆ ಇಲ್ಲ. 'ಬ್ಲೇಟಂಟ್' ಅಂದರೆ ರಾಜಾರೋಷವಾಗಿ ಮಾಡಿದ್ದು. ನಾಚಿಕೆ ಇಲ್ಲದ್ದು ಇಲ್ಲಿ ಮುಖ್ಯ. ಪಕ್ಕದವರ ಲ್ಯಾಬ್ ರೆಕಾರ್ಡನ್ನು ಅವರ ಹೆಸರಿನ ಸಮೇತ ಕಾಪಿ ಮಾಡಿ ಕೊಟ್ಟ ಮಹಾನುಭಾವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರಲ್ಲ, ಆ ಥರ. 'ಫ್ಲೇಗ್ರಂಟ್'ನ ಬೇರು ಉರಿಯುವುದು. ಗೊತ್ತಿದ್ದೂ ನಿಯಮ ಮುರಿದದ್ದಕ್ಕೆ ಅದನ್ನು ಬಳಸುತ್ತಾರೆ. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ನಿಯಮಗಳಲ್ಲಿ 'ಫ್ಲೇಗ್ರಂಟ್ ಫೌಲ್' ಅಂತಲೇ ಇದೆ. ಒಂದೇ ಘಟನೆ ಈ ಎಲ್ಲವೂ ಆಗಬಹುದು, ಯಾವುದೂ ಆಗದೆಯೂ ಇರಬಹುದು.

ಈಗ ನಮ್ಮ ಟೀಮಿನಲ್ಲಿ ಜಗಳಕ್ಕೇ ಕಾರಣವಾದ ಒಂದು ಉದಾಹರಣೆ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1998ರ ಡಿಸೆಂಬರ್ 11ರಂದು ಹೊರಟಿತು, 1999ರ ಸೆಪ್ಟೆಂಬರ್ 23ರಂದು ಮಂಗಳನ ಹತ್ತಿರ ಕಳೆದುಹೋಯಿತು. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ಥ್ರಸ್ಟರಿನ ಇಂಪಲ್ಸನ್ನು ಪೌಂಡ್-ಫೋರ್ಸ್ ಸೆಕೆಂಡಿನಲ್ಲಿ ಕೊಡುತ್ತಿತ್ತು, ಅದನ್ನು ಪಡೆಯುವ ಕಡೆಯವರು ನ್ಯೂಟನ್ ಸೆಕೆಂಡ್ ಅಂದುಕೊಂಡಿದ್ದರು. ವ್ಯತ್ಯಾಸ 4.45 ಪಟ್ಟು. ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗಬೇಕಾಗಿದ್ದ ನೌಕೆ 57 ಕಿಲೋಮೀಟರಿಗೆ ಇಳಿದಿತ್ತು.

ಇದು ಇಗ್ರೀಜಸ್ ತಪ್ಪಾ? ನಮ್ಮಲ್ಲಿ ಮೆಕ್ಯಾನಿಕಲ್‌ನವರಿಬ್ಬರು ಹೌದು ಅಂದರು: ನೌಕೆಯೇ ಹೋಯಿತಲ್ಲ. ಆದರೆ ನಷ್ಟ ದೊಡ್ಡದಾದ ಮಾತ್ರಕ್ಕೆ ತಪ್ಪು ಹಿಂಡಿನಿಂದ ಹೊರಗೆ ಬರುವುದಿಲ್ಲ. ಯೂನಿಟ್ ತಪ್ಪು ಮಾಡದ ಇಂಜಿನಿಯರಿಂಗ್ ವಿದ್ಯಾರ್ಥಿ ಯಾರಿದ್ದಾರೆ ಕೈ ಎತ್ತಿ. ಅದು ಹಿಂಡಿನ ನಟ್ಟನಡುವೆ ಇರುವ ಕುರಿ. ನಮಗೆ ಹೊರಗೆ ನಿಂತಂತೆ ಕಾಣುವುದು ಬೇರೆಯದು. ಯಾವ ಯೂನಿಟ್ ಬಳಸಬೇಕು ಅಂತ ಇಂಟರ್‌ಫೇಸ್ ಸ್ಪೆಸಿಫಿಕೇಶನ್ನಿನಲ್ಲಿ ಬರೆದೇ ಇತ್ತು, ನೌಕೆ ಒಂಬತ್ತು ತಿಂಗಳು ಹಾರುತ್ತಲೇ ಇತ್ತು, ಲೆಕ್ಕ ಸರಿಹೋಗುತ್ತಿಲ್ಲ ಅನ್ನುವ ಅನುಮಾನ ನ್ಯಾವಿಗೇಶನ್ ಮಾಡುವವರಿಗೆ ಬಂದೂ ಇತ್ತು. ಅದನ್ನು ಯಾರೂ ಕೊನೆಯವರೆಗೆ ಬೆನ್ನುಹತ್ತಲಿಲ್ಲ. ಆಗ ನಾಸಾದವರೂ ಹೇಳಿದ್ದು ಹೆಚ್ಚುಕಡಿಮೆ ಇದೇ: ತಪ್ಪು ಆಗುವುದು ಸಹಜ, ತಪ್ಪನ್ನು ಹಿಡಿಯಬೇಕಾದ ವ್ಯವಸ್ಥೆ ಹಿಡಿಯಲಿಲ್ಲ ಅನ್ನುವುದೇ ಸಮಸ್ಯೆ. ಇಗ್ರೀಜಸ್ ಅನ್ನುವುದಾದರೆ ನಾವು ಅದನ್ನು ಆ ವೈಫಲ್ಯದ ಮುಂದೆ ಇಡುತ್ತೇವೆ, ಪೌಂಡಿನ ಮುಂದೆ ಅಲ್ಲ. ಮೆಕ್ಯಾನಿಕಲ್‌ನವರಲ್ಲಿ ಒಬ್ಬರು ಇನ್ನೂ ಒಪ್ಪಿಲ್ಲ.

ಕನ್ನಡದಲ್ಲಿ ಏನನ್ನೋಣ? 'ಘೋರ ತಪ್ಪು' ಅನ್ನುವುದು ವಾಡಿಕೆ, ಆದರೆ ಅದು ಪರಿಣಾಮದ ಭಯ ಹೇಳುತ್ತದೆ. 'ಅಕ್ಷಮ್ಯ' ಅಂದರೆ ಕ್ಷಮೆಯ ಬಾಗಿಲನ್ನೇ ಮುಚ್ಚಿದಂತೆ, ಇಂಗ್ಲಿಷ್ ಪದ ಅಷ್ಟು ದೂರ ಹೋಗುವುದಿಲ್ಲ. 'ಎದ್ದು ಕಾಣುವ' ಅನ್ನುವುದು ಮೂಲಕ್ಕೆ ತೀರಾ ಹತ್ತಿರ, ಆದರೆ ಪ್ರತಿಭೆಯೂ ಎದ್ದು ಕಾಣುತ್ತದೆ. ಮಾತಿನಲ್ಲಿ 'ಹದ್ದು ಮೀರಿದ ತಪ್ಪು' ಅನ್ನುತ್ತೇವಲ್ಲ, ನಮಗೆ ಅದೇ ಹೆಚ್ಚು ಇಷ್ಟ. ಹಿಂಡಿನ ಬದಲು ಹೊಲದ ಬದು ಬಂತು, ಆದರೆ ಹೊರಗೆ ಹೋದದ್ದು ಹೊರಗೇ ಉಳಿಯಿತು, ಅಸಮ್ಮತಿಯೂ ಉಳಿಯಿತು.

ಈಗ ಮತ್ತೆ ಆ ಶೀಟಿಗೆ. ಹಳೇ ಫಾಂಟಿನ ಫೈಲ್ ಕಳಿಸುವ ತಪ್ಪನ್ನು ನಮ್ಮ ಸಂಪಾದಕ ಬಳಗದ ಏಳು ಜನರಲ್ಲಿ ಎಷ್ಟು ಜನ ಮಾಡಿದ್ದೀರಿ ಅಂತ ಕೇಳಿದೆವು. ಆರು ಕೈ ಎದ್ದವು. ಏಳನೆಯವರು ಮೊದಲ ಲೇಖನವನ್ನು ಕೈಯಲ್ಲಿ ಬರೆದು ಫೋಟೋ ಕಳಿಸಿದ್ದರು. ಅಂದರೆ ಅವಳ ತಪ್ಪಿನಷ್ಟು ಹಿಂಡಿಗೆ ಸೇರಿದ ತಪ್ಪು ಇನ್ನೊಂದಿಲ್ಲ. ಪದದ ಅರ್ಥಕ್ಕೆ ಸರಿಯಾಗಿ ಉಲ್ಟಾ ಬಳಸಿದ್ದೆವು. ನಮ್ಮ ಯಾರ ಫೈಲಿಗೂ ಆಗ ಹಾಗೆ ಬರೆದವರಿರಲಿಲ್ಲ. ಆಗಿನ ಸೀನಿಯರು ತಮ್ಮ ಪಾಡಿಗೆ ಕನ್ವರ್ಟರಿಗೆ ಹಾಕಿ, ಕೆಟ್ಟ ಒತ್ತಕ್ಷರ ತಿದ್ದಿ, "ಇನ್ಮೇಲೆ ಯೂನಿಕೋಡಲ್ಲಿ ಕಳ್ಸೋ ಮಾರಾಯ" ಅಂದಿದ್ದರು.

ರಿಮಾರ್ಕ್ ಬರೆದವರು ಅವಳ ಹತ್ತಿರ ಹೋಗಿ ಸಾರಿ ಕೇಳಿದರು. ಶೀಟಿನಲ್ಲಿ ಆ ಸಾಲನ್ನು ಅಳಿಸಲಿಲ್ಲ, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇವೆ: 'ಫಾಂಟ್ ಯೂನಿಕೋಡಿಗೆ ಬದಲಾಯಿಸಬೇಕು. ಹೇಗೆ ಅಂತ ಗೊತ್ತಿಲ್ಲದಿದ್ದರೆ ಶುಕ್ರವಾರ ಸಂಜೆ ಬನ್ನಿ, ಹತ್ತು ನಿಮಿಷದ ಕೆಲಸ.' ಅವಳ ಲೇಖನ ಇದೇ ಸಂಚಿಕೆಯಲ್ಲಿದೆ. ಈ ಪಾಠದ ಕರಡು ಓದಿ ಕಾಗುಣಿತ ತಿದ್ದಿದವಳೂ ಅವಳೇ. ಹನ್ನೊಂದು ತಪ್ಪು ಸಿಕ್ಕವಂತೆ. ಎದುರಿಗೆ ಬರೆದ ರಿಮಾರ್ಕ್: 'ಮಾಮೂಲಿ.'